ಜೇನು ಬೆರೆತ ವಿಸ್ಕಿ

ಫ್ಲೇವರ್ಡ್ ವಿಸ್ಕಿ ಅಂದ್ರೆ ಮೂಗು ಮುರಿಯುವವರೇ ಜಾಸ್ತಿ. ನನಗೇನೂ ಅಷ್ಟು ಸಿಟ್ಟಿಲ್ಲ. ಆದರೆ ಲೇಬಲ್‌ನ ಸಣ್ಣಕ್ಷರ ಮಾತ್ರ ಓದಿಯೇ ಓದುತ್ತೇನೆ. ಅಮೆರಿಕದ ಕಾನೂನಿನ ಪ್ರಕಾರ ಬರೀ ಬರ್ಬನ್ (ಅಮೆರಿಕದ ಒಂದು ಬಗೆಯ ವಿಸ್ಕಿ) ಅನ್ನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಟ್ಟಿರಬೇಕು. ಬಣ್ಣ, ಫ್ಲೇವರ್ ಏನೂ ಸೇರಿಸುವಂತಿಲ್ಲ. ಜೇನು ಬಿತ್ತೋ, ಲೇಬಲ್ ಮೇಲೆ ಅದನ್ನು ಹೇಳಲೇಬೇಕು.

ಫ್ಲೇವರ್ಡ್ ವಿಸ್ಕಿಗಳಲ್ಲಿ ನನ್ನ ಆಯ್ಕೆ ಜೇನಿನದ್ದೇ. ಓಕ್‌ನಿಂದ ಬರುವ ವೆನಿಲಾ, ಕ್ಯಾರಮೆಲ್ ಘಮಕ್ಕೆ ಜೇನು ಚೆನ್ನಾಗಿ ಹೊಂದುತ್ತದೆ ಅಲ್ವಾ? ಜಾಕ್ ಡೇನಿಯಲ್ಸ್‌ನ ಜೇನು ವಿಸ್ಕಿ ‘ಟೆನೆಸ್ಸೀ ಹನಿ’ಯಲ್ಲಿ ಆಲ್ಕೋಹಾಲ್ ಶೇ. 35, ವೈಲ್ಡ್ ಟರ್ಕಿಯ ‘ಅಮೆರಿಕನ್ ಹನಿ’ಯಲ್ಲಿ 35.5. ನನ್ನ ವೋಟು ಎರಡನೆಯದಕ್ಕೆ. ಸಿಹಿಯಿದ್ದರೂ ಕುಡಿಯುತ್ತಿರುವುದು ವಿಸ್ಕಿ ಅಂತ ಗೊತ್ತಾಗುತ್ತದೆ. ಐಸ್ ಹಾಕಿ ಸ್ವಲ್ಪ ಹೊತ್ತು ಸುಮ್ನೆ ಬಿಡಿ. ತಣ್ಣಗಾದಂತೆ ಸಿಹಿ ಹಿಂದೆ ಸರಿದು ಮರದ ಒಗರು ನಾಲಿಗೆಗೆ ಸಿಗುತ್ತದೆ.

ದಾಲ್ಚಿನ್ನಿ ಫ್ಲೇವರ್‌ನ ವಿಸ್ಕಿ ಫೈರ್‌ಬಾಲ್ ಗದ್ದಲದ ಪಾರ್ಟಿಗೆ ಸರಿ, ಕೂತು ಸವಿಯೋಕಲ್ಲ. ಕ್ರೌನ್ ರಾಯಲ್ ಆಪಲ್ ಸೋಡಾ ಜೊತೆ ಪರವಾಗಿಲ್ಲ. ಚೆರ್ರಿಯದ್ದು ಮಾತ್ರ ಯಾಕೋ ಕೆಮ್ಮಿನ ಸಿರಪ್ ಥರ. ಅದನ್ನು ಇಷ್ಟಪಡುವವರು ಯಾರಾದರೂ ಇದ್ದರೆ ಹೇಳಿ, ಯಾವುದರಿಂದ ಶುರು ಮಾಡಲಿ?