ಅಂಚಿನಲ್ಲಿ ಎಳೆದ ಗೆರೆ

ಪದವಿಯ ಎರಡನೆಯ ವರ್ಷದಲ್ಲಿ ನಾನು ಬರೆದ ಮೊದಲ ಕಥೆಯ ಹಸ್ತಪ್ರತಿ ಇನ್ನೂ ನನ್ನ ಬಳಿ ಇದೆ. ಹದಿನಾಲ್ಕು ಪುಟಗಳ ಆ ಪ್ರತಿಯ ಎಡ ಅಂಚಿನಲ್ಲಿ, ಮೊದಲ ಸಾಲಿನಿಂದ ಹಿಡಿದು ಮೂರನೆಯ ಪುಟದ ನಡುವಿನವರೆಗೆ, ಪೆನ್ಸಿಲಿನಿಂದ ಎಳೆದ ನೇರ ಗೆರೆಯಿದೆ. ಗೆರೆ ಮುಗಿಯುವಲ್ಲಿ ಚಿಕ್ಕ ಅಕ್ಷರಗಳಲ್ಲಿ "ಇಲ್ಲಿಂದ" ಎಂಬ ಒಂದೇ ಪದವಿದೆ. ಆ ಕಥೆಯ ಬಗ್ಗೆ ನಮ್ಮ ಮೇಷ್ಟ್ರು ಬರೆದದ್ದು ಅಷ್ಟೇ. ಹಳೆಯ ವಿದ್ಯಾರ್ಥಿಗಳ ಪುಟಗಳಿಗೆ ಏನಾದರೂ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಗೆರೆಯೇ.

ತನ್ನ ದೃಷ್ಟಿ ಮಂದವಾಗುತ್ತಿರುವುದನ್ನು ಮಗನಿಂದ ಮುಚ್ಚಿಡುವ, ಗಡಿಯಾರ ದುರಸ್ತಿ ಮಾಡುವ ಮುದುಕನೊಬ್ಬನ ಕಥೆ ಅದು. ಕಥೆಗೆ ವಾತಾವರಣ ಬೇಕು ಎಂಬ ಮಾತನ್ನು ಎಲ್ಲೋ ಓದಿದ್ದ ನಾನು, ಮುದುಕ ಕಾಣಿಸಿಕೊಳ್ಳುವ ಮೊದಲು ಎರಡೂವರೆ ಪುಟಗಳಷ್ಟು ಸಂಜೆಯ ಬೆಳಕನ್ನೂ ಮಳೆಯನ್ನೂ ವರ್ಣಿಸಿದ್ದೆ. ನಾನು ಅತ್ಯಂತ ಪ್ರೀತಿಯಿಂದ ಬರೆದ ಭಾಗವೇ ಅದಾಗಿದ್ದರಿಂದ ಗೆರೆಯನ್ನು ಕಂಡು ಬಹಳ ನೊಂದುಕೊಂಡೆ. ಅದೇ ಮಧ್ಯಾಹ್ನ ಪ್ರತಿಯನ್ನು ಹಿಡಿದು ಅವರ ಕೊಠಡಿಗೆ ಹೋದೆ. ಅವರು ಸಮಾಧಾನದಿಂದ ಹೇಳಿದರು: "ತಪ್ಪಿದ್ದಲ್ಲಿ ನಾನು ಗೆರೆ ಎಳೆಯುವುದಿಲ್ಲ. ಓದುತ್ತಿದ್ದಾಗ ನನ್ನ ಮನಸ್ಸು ಎಲ್ಲಿ ಬೇರೆ ಕಡೆಗೆ ಹೋಯಿತೋ ಅಲ್ಲಿ ಎಳೆಯುತ್ತೇನೆ. ಯಾಕೆ ಹೋಯಿತು ಎಂಬುದನ್ನು ನೀನು ಹುಡುಕು. ಅದು ನನ್ನ ಸೋಮಾರಿತನವೂ ಆಗಿರಬಹುದು, ಅದನ್ನೂ ಯೋಚಿಸು."

ಆ ಮೂರು ವರ್ಷಗಳಲ್ಲಿ ಅವರು ನನ್ನ ಒಂದೇ ಒಂದು ವಾಕ್ಯವನ್ನೂ ತಿದ್ದಲಿಲ್ಲ. ಆಗ ಅದು ಔದಾಸೀನ್ಯದಂತೆ ಕಾಣುತ್ತಿತ್ತು. ತಿದ್ದಿ ಕೊಟ್ಟ ವಾಕ್ಯ ತಿದ್ದಿದವರದೇ ಆಗಿ ಉಳಿಯುತ್ತದೆ, ಎಡವಿದ ಜಾಗವನ್ನು ಮಾತ್ರ ತೋರಿಸಿದರೆ ದಾರಿ ಬರೆಯುವವನದೇ ಆಗುತ್ತದೆ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ, ನಾನೇ ಕಿರಿಯರ ಪ್ರತಿಗಳನ್ನು ಓದತೊಡಗಿದ ಮೇಲೆ. ಬೇರೆಯವರ ವಾಕ್ಯವನ್ನು ತಿದ್ದದೆ ಬಿಡುವುದಕ್ಕೆ ಎಷ್ಟು ಸಂಯಮ ಬೇಕೆಂಬುದು ಆಗ ತಿಳಿಯಿತು.

ನನ್ನ ಆತುರವನ್ನು ಕಂಡಾಗಲೆಲ್ಲ ಅವರು ಫ್ರೆಂಚ್ ಕಥೆಗಾರ ಮೊಪಾಸಾನ ವಿಷಯವನ್ನು ತೆಗೆಯುತ್ತಿದ್ದರು. ಏಳು ವರ್ಷಗಳ ಕಾಲ ತಾನು ಪದ್ಯ, ಕಥೆ, ನಾಟಕಗಳನ್ನೆಲ್ಲ ಬರೆದು ಗುರುವಾದ ಫ್ಲೋಬೇರನಿಗೆ ಓದಲು ಕೊಡುತ್ತಿದ್ದೆನೆಂದೂ, ಮುಂದಿನ ಭಾನುವಾರದ ಊಟದ ಹೊತ್ತಿಗೆ ಗುರು ಅವುಗಳ ವಿಮರ್ಶೆ ಮಾಡುತ್ತಿದ್ದನೆಂದೂ, ಅವುಗಳಲ್ಲಿ ಯಾವುದೂ ಉಳಿಯಲಿಲ್ಲವೆಂದೂ ಮೊಪಾಸಾ 1888ರಲ್ಲಿ ಪ್ರಕಟವಾದ ತನ್ನ ಕಾದಂಬರಿಯೊಂದರ ಆರಂಭದಲ್ಲಿ ಸೇರಿಸಿದ ಪ್ರಬಂಧದಲ್ಲಿ ನೆನೆದಿದ್ದಾನೆ. ಅವನಿಗೆ ಹೆಸರು ತಂದ ಮೊದಲ ಕಥೆ ಅಚ್ಚಾದದ್ದು 1880ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಫ್ಲೋಬೇರ್ ತೀರಿಕೊಂಡ. ಶಿಷ್ಯನ ಗೆಲುವನ್ನು ನೋಡಲು ಗುರುವಿಗೆ ಸಿಕ್ಕಿದ್ದು ಕೆಲವೇ ವಾರಗಳು ಎಂದು ಹೇಳುವಾಗ ಮೇಷ್ಟ್ರ ದನಿ ಪ್ರತಿ ಸಲವೂ ತಗ್ಗುತ್ತಿತ್ತು.

ಅದೇ ಪ್ರಬಂಧದಲ್ಲಿ ಫ್ಲೋಬೇರ್ ಕೊಡುತ್ತಿದ್ದ ಒಂದು ಅಭ್ಯಾಸದ ಪ್ರಸ್ತಾಪವಿದೆ: ಬಾಡಿಗೆ ಬಂಡಿಯ ಒಂದು ಕುದುರೆ, ಅದರ ಹಿಂದೆ ಮುಂದೆ ಇರುವ ಐವತ್ತು ಕುದುರೆಗಳಿಗಿಂತ ಹೇಗೆ ಬೇರೆ ಎಂಬುದನ್ನು ಒಂದೇ ಮಾತಿನಲ್ಲಿ ಕಾಣಿಸಬೇಕು. ಮೇಷ್ಟ್ರು ಅದನ್ನು ನಮಗೆ ಹೊಂದಿಸಿ ಕೊಟ್ಟರು. ಗ್ರಂಥಾಲಯದಲ್ಲಿ ಪುಸ್ತಕ ಹಿಂದಿರುಗಿಸಲು ಸಾಲಿನಲ್ಲಿ ನಿಂತವರ ಪೈಕಿ ಒಬ್ಬರನ್ನು ಆರಿಸಿಕೊಂಡು ಮೂರು ವಾಕ್ಯ ಬರೆಯಬೇಕು, ಉಡುಪಿನ ಬಣ್ಣವನ್ನಾಗಲಿ ಎತ್ತರವನ್ನಾಗಲಿ ಹೇಳಬಾರದು. ಮರುದಿನ ಅದನ್ನು ಓದಿದವರು ಅದೇ ಸಾಲಿನಲ್ಲಿ ಆ ವ್ಯಕ್ತಿಯನ್ನು ಗುರುತಿಸಬೇಕು. ನಾನು ಮೊದಲ ಆರು ಸಲ ಸೋತೆ. ಏಳನೆಯ ಸಲ, ಪುಸ್ತಕವನ್ನು ಕೊಡುವ ಮೊದಲು ಅದರ ಮಡಿಸಿದ ಪುಟಗಳ ಮೂಲೆಗಳನ್ನು ಒಂದೊಂದಾಗಿ ನೇರ ಮಾಡುತ್ತ ನಿಂತಿದ್ದ ಹುಡುಗನ ಬಗ್ಗೆ ಬರೆದೆ. ಗೆಳೆಯರು ನೋಡಿದ ಕೂಡಲೇ ಅವನನ್ನು ಗುರುತಿಸಿದರು. ಅಂದಿನ ಸಂತೋಷಕ್ಕೆ ಸಮನಾದ ಸಂತೋಷವನ್ನು ಆಮೇಲೆ ನನ್ನ ಹೆಸರು ಅಚ್ಚಾದಾಗಲೂ ಪಟ್ಟಿಲ್ಲ.

ಗೆಳೆಯರು ಎಂದೆನಲ್ಲ, ನಾವು ಐವರಿದ್ದೆವು. ಒಬ್ಬೊಬ್ಬರೇ ತಮ್ಮ ಕಥೆಗಳನ್ನು ಅವರ ಬಳಿಗೆ ಒಯ್ಯುತ್ತಿದ್ದವರನ್ನು ಒಂದೆಡೆ ಕೂರಿಸಿದ್ದು ಮೇಷ್ಟ್ರೇ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ್ದ ಗೆಳೆಯರ ಗುಂಪಿನ ವಿಷಯವನ್ನು ಅಂದು ಅವರು ಹೇಳಿದರು. ವಿದ್ಯಾರ್ಥಿಯಾಗಿದ್ದಾಗ ಆ ಒಡನಾಟಕ್ಕೆ ಬಂದ ಗೋಕಾಕರು ಕವಿಯಾಗಿಯೂ ಕಾದಂಬರಿಕಾರರಾಗಿಯೂ ಬೆಳೆದರು. ಬೇಂದ್ರೆಯವರಿಗೆ 1973ರಲ್ಲಿ ಬಂದ ಜ್ಞಾನಪೀಠ ಗೋಕಾಕರಿಗೆ 1990ರಲ್ಲಿ ಬಂತು. ಆದರೆ ಮೇಷ್ಟ್ರು ಒತ್ತಿ ಹೇಳಿದ್ದು ಪ್ರಶಸ್ತಿಗಳನ್ನಲ್ಲ. ತನ್ನ ಬರಹವನ್ನು ಕಾದು ಕುಳಿತಿರುವ ನಾಲ್ಕು ಜನ ಇದ್ದಾರೆಂದು ಗೊತ್ತಿದ್ದರೆ ಬರೆಯುವವನು ಮೇಜಿನಿಂದ ಅಷ್ಟು ಸುಲಭವಾಗಿ ಏಳುವುದಿಲ್ಲ ಎಂಬುದು ಅವರ ಮಾತಾಗಿತ್ತು.

ಶನಿವಾರ ತರಗತಿಗಳು ಮುಗಿದ ಮೇಲೆ ಖಾಲಿ ಕೊಠಡಿಯೊಂದರಲ್ಲಿ ಸೇರುತ್ತಿದ್ದೆವು. ಕಥೆ ಬರೆದವರು ತಾವೇ ಗಟ್ಟಿಯಾಗಿ ಓದಬೇಕು, ಅನಂತರ ಉಳಿದವರೆಲ್ಲ ಮಾತು ಮುಗಿಸುವವರೆಗೆ ಬಾಯಿ ತೆರೆಯಬಾರದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಆರಂಭವಾದ ಬರಹ ಕಾರ್ಯಾಗಾರದ ಮಾದರಿಯನ್ನು ಅನುಸರಿಸುವ ಅನೇಕ ಕಡೆಗಳಲ್ಲಿ ಈ ಪದ್ಧತಿ ಇದೆಯೆಂದು ಆಮೇಲೆ ತಿಳಿಯಿತು. ಇದು ಕಠಿಣವಾದ ನಿಯಮ, ಆದರೂ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಅಚ್ಚಾದ ಕಥೆಯ ಪಕ್ಕದಲ್ಲಿ ನಿಂತು ಓದುಗರಿಗೆ ವಿವರಣೆ ಕೊಡಲು ಯಾವ ಕಥೆಗಾರನಿಗೂ ಅವಕಾಶವಿರುವುದಿಲ್ಲ. ಗಟ್ಟಿಯಾಗಿ ಓದುವುದರಿಂದ ಇನ್ನೊಂದು ಉಪಕಾರವಾಗುತ್ತಿತ್ತು. ಪುಟದ ಮೇಲೆ ಸರಾಗವಾಗಿ ಕಾಣುವ ಸಂಭಾಷಣೆ ನಾಲಿಗೆಯ ಮೇಲೆ ಬಂದಾಗ ತಡವರಿಸುತ್ತದೆ, ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ ಎಂಬುದು ಯಾರೂ ಹೇಳದೆಯೇ ಕಿವಿಗೆ ತಿಳಿಯುತ್ತದೆ.

ನನ್ನ ಗಡಿಯಾರದ ಕಥೆಯ ಎರಡನೆಯ ಪ್ರತಿಯಲ್ಲಿ, ಮುದುಕನ ಕೈಯಲ್ಲಿದ್ದ ವಾಚು ನಿಶ್ಶಬ್ದದ ನಡುವೆ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿತ್ತು ಎಂದು ಬರೆದಿದ್ದೆ. ರಸಾಯನಶಾಸ್ತ್ರ ಓದುತ್ತಿದ್ದ ಗೆಳೆಯನ ಸೋದರಮಾವ ವಾಚು ರಿಪೇರಿ ಮಾಡುವವರು. ಅವನು ನನ್ನ ವಾಕ್ಯವನ್ನು ಕೇಳಿ, ತನ್ನ ಸರದಿ ಬರುವವರೆಗೆ ಕಾದು, "ಲೋಲಕದ ದೊಡ್ಡ ಗಡಿಯಾರವಾದರೆ ಸರಿ, ವಾಚು ಹಾಗೆ ಮಿಡಿಯುವುದಿಲ್ಲ" ಎಂದ. ಮುಂದಿನ ವಾರ ಮಾವನ ಬಳಿಗೆ ಕರೆದೊಯ್ದು, ಕೀ ಕೊಡುವ ಹಳೆಯ ವಾಚೊಂದನ್ನು ನನ್ನ ಕಿವಿಗೆ ಹಿಡಿಸಿದ. ಅಂಥ ವಾಚುಗಳಲ್ಲಿ ಬಹಳಷ್ಟು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಮಿಡಿಯುತ್ತವೆ. ಕಿವಿಗೆ ಅದು ಎಡೆಬಿಡದ ಸಣ್ಣ ಸದ್ದಾಗಿ ಕೇಳುತ್ತದೆ. ಒಳಗಿನ ಚಕ್ರದ ಹೊಂದಿಕೆ ತಪ್ಪಿದ್ದರೆ ಎರಡು ಮಿಡಿತಗಳ ನಡುವಿನ ಅಂತರ ಏರುಪೇರಾಗಿ, ಕುಂಟುವವರ ಹೆಜ್ಜೆಯಂತೆ ಕೇಳುತ್ತದೆಂದೂ, ಪಳಗಿದವರು ಮುಚ್ಚಳ ತೆಗೆಯುವ ಮೊದಲೇ ಅದನ್ನು ಕಿವಿಯಿಂದ ಹಿಡಿಯುತ್ತಾರೆಂದೂ ಆ ಹಿರಿಯರು ವಿವರಿಸಿದರು.

ನನ್ನ ಕಥೆ ಹುಟ್ಟಿದ್ದು ಅಲ್ಲಿ ಎಂದೇ ನಾನು ತಿಳಿದಿದ್ದೇನೆ. ಅಲ್ಲಿಯವರೆಗೆ ಮುದುಕ ಬರೀ ಕಣ್ಣು ಕಳೆದುಕೊಳ್ಳುತ್ತಿದ್ದ ದುಃಖಿಯಾಗಿದ್ದ. ಈಗ ಅವನಿಗೆ ಕಿವಿ ಬಂತು, ಉಪಾಯ ಬಂತು, ಆ ಉಪಾಯವೇ ಅವನ ಗುಟ್ಟನ್ನು ಬಯಲು ಮಾಡಿತು. ಮೊದಲೆಲ್ಲ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ತಂದೆ, ಈಗ ಬಂದ ವಾಚನ್ನೆಲ್ಲ ಮೊದಲು ಕಿವಿಗೆ ಹಿಡಿಯುತ್ತಾನೆಂಬುದನ್ನು ಮಗ ಗಮನಿಸುತ್ತಾನೆ. ಒಂದು ವಾಕ್ಯದ ತಪ್ಪನ್ನು ತೋರಿಸಿ ಸುಮ್ಮನಾಗಬಹುದಾಗಿದ್ದ ಗೆಳೆಯ, ಒಂದು ಇಡೀ ದಿನವನ್ನು ನನಗಾಗಿ ತೆಗೆದಿಟ್ಟಿದ್ದ.

ಇದೇ ಕೊಠಡಿಯಲ್ಲಿ ನಾನು ಒಬ್ಬರನ್ನು ನೋಯಿಸಿದ್ದನ್ನೂ ಬರೆಯಬೇಕು. ವಾಣಿಜ್ಯ ವಿಭಾಗದ ಗೆಳತಿಯೊಬ್ಬಳು, ಮನೆಯಿಂದ ಬರಬೇಕಾದ ಪತ್ರಕ್ಕಾಗಿ ಕಾಯುವ ಹಾಸ್ಟೆಲಿನ ಹುಡುಗಿಯ ಕಥೆಯನ್ನು ಓದಿದಳು. ಅಷ್ಟು ಹೊತ್ತಿಗೆ ನನಗೆ ತಪ್ಪು ಹುಡುಕುವ ಚುರುಕುತನ ಬಂದಿತ್ತು, ಅದನ್ನು ತೋರಿಸುವ ಆಸೆಯೂ ಬಂದಿತ್ತು. ಒಂದೇ ಬಗೆಯ ವಾಕ್ಯ ಮತ್ತೆ ಮತ್ತೆ ಬರುತ್ತದೆಂದು ಹೇಳಿ, ಅದನ್ನು ಅಣಕಿಸುವ ದನಿಯಲ್ಲಿ ಓದಿ ತೋರಿಸಿದೆ, ಇಬ್ಬರು ನಕ್ಕರು. ಅವಳು ನಿಯಮದಂತೆ ಕೊನೆಯವರೆಗೆ ಮೌನವಾಗಿದ್ದು, ಹಾಳೆಗಳನ್ನು ಮಡಿಸಿಕೊಂಡು ಹೊರಟಳು. ಮೂರು ಶನಿವಾರ ಬರಲಿಲ್ಲ.

ಮೇಷ್ಟ್ರು ನನ್ನನ್ನು ಬೈಯಲಿಲ್ಲ. "ಆ ಕಥೆ ಏನು ಮಾಡಲು ಹೊರಟಿತ್ತು?" ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಎರಡು ಪುಟಗಳಲ್ಲಿ ಬರೆದು ತರಬೇಕೆಂದರು. ಕಥೆಯ ಪ್ರತಿಯನ್ನು ನಾಲ್ಕನೆಯ ಸಲ ಓದುವಾಗ ನನಗೆ ಕಂಡದ್ದು ಇದು: ಹುಡುಗಿ ಬರೀ ಕಾಯುತ್ತಿರಲಿಲ್ಲ, ಬರಬೇಕಾದ ಪತ್ರವನ್ನು ಮನಸ್ಸಿನಲ್ಲಿ ತಾನೇ ಬರೆದುಕೊಳ್ಳುತ್ತಿದ್ದಳು, ನಾನು ಅಣಕಿಸಿದ ಆ ವಾಕ್ಯಗಳ ಧಾಟಿ ಅವಳ ತಾಯಿಯ ಹಿಂದಿನ ಪತ್ರಗಳ ಧಾಟಿಯೇ ಆಗಿತ್ತು. ಆ ಎರಡು ಪುಟಗಳನ್ನು ಗೆಳತಿಯ ಕೈಗೆ ಕೊಟ್ಟು ಕ್ಷಮೆ ಕೇಳಿದೆ. ಅವಳು ನಿಂತಲ್ಲೇ ಓದಿ, "ನಾನು ಹೀಗೆ ಮಾಡಿದ್ದೇನೆಂದು ನನಗೇ ಗೊತ್ತಿರಲಿಲ್ಲ" ಎಂದಳು. ಮುಂದಿನ ಶನಿವಾರ ಬಂದಳು. ಅಂದಿನಿಂದ ನಮ್ಮ ಗುಂಪಿನಲ್ಲಿ ಕಥೆ ಏನನ್ನು ಮಾಡಲು ಹೊರಟಿದೆ ಎಂಬುದನ್ನು ಎಲ್ಲರೂ ಹೇಳಿದ ಮೇಲೆಯೇ, ಎಲ್ಲಿ ಜಾರಿದೆ ಎಂಬ ಮಾತಿಗೆ ಅನುಮತಿ ಎಂದಾಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಬರೆದ ಯಾವ ಕಥೆಗಿಂತಲೂ ಆ ಎರಡು ಪುಟಗಳು ನನಗೆ ಹೆಚ್ಚು ಕಲಿಸಿವೆ.

ನನ್ನ ಕಥೆಯ ಕೊನೆಯ ಪುಟವನ್ನು ಕಳೆದವಳೂ ಅವಳೇ. ತಂದೆಯ ಗುಟ್ಟು ತಿಳಿದ ಮಗನ ಮನಸ್ಸಿನಲ್ಲಿ ಏನೇನು ಹಾದುಹೋಯಿತು ಎಂಬುದನ್ನು ಒಂದು ಪುಟದಷ್ಟು ವಿವರಿಸಿದ್ದೆ. "ನಮ್ಮ ಮೇಲೆ ನಿನಗೆ ನಂಬಿಕೆ ಇಲ್ಲವಲ್ಲ" ಎಂದು ಅವಳು ಬೇಸರದಿಂದಲೇ ಹೇಳಿದಳು. ಆ ಪುಟ ಹೋಗಿ, ಮಗ ಏನನ್ನೂ ಹೇಳದೆ ಮೇಜಿನ ದೀಪವನ್ನು ತಂದೆಯ ಕಡೆಗೆ ಒಂದು ಗೇಣು ಸರಿಸುತ್ತಾನೆ ಎಂಬ ವಾಕ್ಯ ಬಂತು. ಆ ಹೊತ್ತಿಗೆ ನಾನು ಹನ್ನೊಂದನೆಯ ಪ್ರತಿಯಲ್ಲಿದ್ದೆ. ಎರಡು ಪತ್ರಿಕೆಗಳು ಹಿಂದಿರುಗಿಸಿದ ಮೇಲೆ ಮೂರನೆಯದು ಅದನ್ನು ಪ್ರಕಟಿಸಿತು.

ಅಚ್ಚಾದ ಸಂಭ್ರಮದಲ್ಲಿ ಒಂದೇ ತಿಂಗಳಲ್ಲಿ ಮೂರು ಕಥೆಗಳನ್ನು ಬರೆದು ಮೇಷ್ಟ್ರ ಮುಂದಿಟ್ಟೆ. ಅವರು ಅವನ್ನು ಓದಿ, ಗೆರೆ ಎಳೆಯದೆ, ರಷ್ಯದ ಕಥೆಗಾರ ಚೆಕಾಫನ ವಿಷಯ ತೆಗೆದರು. 1886ರ ಮಾರ್ಚ್ ತಿಂಗಳಲ್ಲಿ, ಇಪ್ಪತ್ತಾರು ವರ್ಷದ ಚೆಕಾಫನಿಗೆ ಹಿರಿಯ ಲೇಖಕ ಗ್ರಿಗರೋವಿಚ್ ತಾನಾಗಿಯೇ ಪತ್ರ ಬರೆದು, ಅವನ ಪ್ರತಿಭೆಯನ್ನು ಮನಸಾರೆ ಮೆಚ್ಚಿ, ಅವಸರದ ಬರವಣಿಗೆಯನ್ನು ಬಿಡಬೇಕೆಂದು ಕೇಳಿಕೊಂಡಿದ್ದ. ಯಾವ ಕಥೆಗೂ ತಾನು ಒಂದು ದಿನಕ್ಕಿಂತ ಹೆಚ್ಚು ಕೊಟ್ಟದ್ದು ನೆನಪಿಲ್ಲವೆಂದು ಚೆಕಾಫ್ ಉತ್ತರದಲ್ಲಿ ಒಪ್ಪಿಕೊಂಡ. ಇಷ್ಟು ಹೇಳಿ ಮೇಷ್ಟ್ರು ನನ್ನ ಮೂರು ಕಥೆಗಳನ್ನು ಹಿಂದಿರುಗಿಸಿದರು. ಅವರು ನನಗೆ ಕೊಟ್ಟ ಮೆಚ್ಚುಗೆ ಅದೊಂದೇ. ಗ್ರಿಗರೋವಿಚ್‌ನ ಪತ್ರದ ಎರಡು ಭಾಗಗಳೂ ನನ್ನನ್ನು ಉದ್ದೇಶಿಸಿದ್ದವು ಎಂದು ಅರಿತಾಗ ಕಣ್ಣು ತುಂಬಿ ಬಂದಿತ್ತು.

ಐವರಲ್ಲಿ ಇಬ್ಬರು ಈಗ ಬರೆಯುತ್ತಿಲ್ಲ, ಆದರೆ ನಮ್ಮ ಪ್ರತಿಗಳನ್ನು ಓದುವುದನ್ನು ಅವರು ಬಿಟ್ಟಿಲ್ಲ. ಪತ್ರದ ಕಥೆ ಬರೆದ ಗೆಳತಿ ಈಗ ಕಾದಂಬರಿಯೊಂದನ್ನು ಬರೆಯುತ್ತಿದ್ದಾಳೆ. ಅದರ ಮೂರನೆಯ ಅಧ್ಯಾಯ ಕಳೆದ ವಾರ ನನಗೆ ಬಂದಿದೆ. ಅದು ಏನು ಮಾಡಲು ಹೊರಟಿದೆ ಎಂಬುದನ್ನು ಒಂದು ಪುಟದಲ್ಲಿ ಬರೆದಿಟ್ಟಿದ್ದೇನೆ. ಏಳನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆಯನ್ನೂ ಎಳೆದಿದ್ದೇನೆ. ಅಲ್ಲಿ ನನ್ನ ಮನಸ್ಸು ಜಾರಿದ್ದು ಬರವಣಿಗೆಯಿಂದಲೋ, ನಿದ್ದೆಗೆಟ್ಟು ಓದಿದ್ದರಿಂದಲೋ ಎಂಬುದು ಖಚಿತವಾಗಿಲ್ಲ. ಬೆಳಿಗ್ಗೆ ಇನ್ನೊಮ್ಮೆ ಓದಿ, ಆಮೇಲೆ ಕಳುಹಿಸುತ್ತೇನೆ.