ಬೀದರ್‌ಗೆ ಹೋದವರು ಏನು ತರಬೇಕು?

ಊರಿನ ಹೆಸರು ಬರೆದ ಫ್ರಿಜ್ ಮ್ಯಾಗ್ನೆಟ್ಟು, ಕೀಚೈನು ಎಲ್ಲ ಕಡೆಯೂ ಒಂದೇ ಥರ. ಆರು ತಿಂಗಳು ಕಳೆದರೆ ಅವನ್ನು ನೋಡಿ ಏನೂ ನೆನಪಾಗುವುದಿಲ್ಲ. ಬೀದರ್‌ನಲ್ಲಿ ಅದಕ್ಕೆ ದುಡ್ಡು ಹಾಕುವ ಬದಲು ಚಿಕ್ಕದಾದರೂ ಸರಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಒಂದು ಅಸಲಿ ಬಿದ್ರಿ ಸಾಮಾನು ತನ್ನಿ. ಆದರೆ ಅದನ್ನು ಮಾಡುವುದನ್ನು ನೋಡದೆ ಕೊಳ್ಳಬೇಡಿ.

ಬೆಳಿಗ್ಗೆಯೇ ಕೋಟೆ ಮುಗಿಸಿ. ಅಲ್ಲಿನ ರಂಗೀನ್ ಮಹಲ್ ಅರಮನೆಗೆ ಬೀಗ ಹಾಕಿದ್ದರೆ ಕೋಟೆಯೊಳಗಿನ ಮ್ಯೂಸಿಯಂ ಸಿಬ್ಬಂದಿಯನ್ನು ಕೇಳಿ ನೋಡಿ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಆ ಮಹಲ್‌ನಲ್ಲಿದೆ. ಅದನ್ನು ಕಂಡವರಿಗೆ ಬಿದ್ರಿಯ ಕಪ್ಪು-ಬೆಳ್ಳಿ ಸೊಗಸು ಬೇಗ ಹಿಡಿಸುತ್ತದೆ. ಆಮೇಲೆ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ ನೋಡಿಕೊಂಡು, ಹಳೇ ಊರಿನಲ್ಲಿ ಕುಟ್ಟುವ ಸದ್ದು ಬರುವ ಬಿದ್ರಿ ಅಂಗಡಿಗೆ ಹೋಗಿ. ಹೆಚ್ಚಿನವರು ಬೇಸರಪಡದೆ ಕೆಲಸ ತೋರಿಸುತ್ತಾರೆ.

ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರುತ್ತಾರೆ. ಮೇಲೆ ಎಳೆಯುವ ಚಿತ್ತಾರದ ಗೆರೆ ಕಾಣಲೆಂದು ಬರಿಸುವ ಈ ಕಪ್ಪು ತಾತ್ಕಾಲಿಕ. ಗೆರೆಗುಂಟ ಉಳಿಯಿಂದ ಕೆತ್ತಿ, ಆ ಗೀರಿನಲ್ಲಿ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಸಾಮಾನು ಬಿಸಿ ಮಾಡಿ, ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಕಲಸಿದ ನೀರು ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗಿರುತ್ತದೆ. ಮಣ್ಣು ಸರಿಯಿದೆಯೋ ಇಲ್ಲವೋ ಎಂದು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುವುದೂ ಉಂಟು! ಇಷ್ಟು ಕಂಡ ಮೇಲೆ ಮನೆಯಲ್ಲಿಟ್ಟ ಪುಟ್ಟ ಡಬ್ಬಿಯೂ ಆ ಊರನ್ನೇ ನೆನಪಿಸುತ್ತದೆ.

ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಗಿ. ಗಾತ್ರಕ್ಕೆ ಹೋಲಿಸಿದರೆ ಹಗುರವೆನಿಸಿದರೆ ಅಲ್ಯೂಮಿನಿಯಂ ಇರಬಹುದು. ಮ್ಯಾಗ್ನೆಟ್ ಅಂಟಿದರೆ ಒಳಗಿರುವುದು ಕಬ್ಬಿಣ. ಬೆಳ್ಳಿಯ ಅಂಚಿನ ಮೇಲೆ ಉಗುರು ಎಳೆದಾಗ ಬಣ್ಣ ಎದ್ದರೆ ಅದು ಬರೀ ಪೇಂಟು. ಬೆಲೆ ಕೇಳುವಾಗ ಗಾತ್ರವನ್ನಷ್ಟೇ ನೋಡಬೇಡಿ, ಬೆಳ್ಳಿ ಎಷ್ಟು, ಕುಸುರಿ ಎಷ್ಟು ಸಣ್ಣದು ಎಂದು ವಿಚಾರಿಸಿ. ಬೆಳ್ಳಿ ದಟ್ಟವಾಗಿ ತುಂಬಿದ ಚಿಕ್ಕ ಡಬ್ಬಿ, ಎರಡೇ ಹೂವಿರುವ ದೊಡ್ಡ ಹೂದಾನಿಗಿಂತ ದುಬಾರಿಯಾಗಬಹುದು.

ಬಿದ್ರಿ ಹಾಳಾಗುವುದು ಹೆಚ್ಚಾಗಿ ಮನೆಯಲ್ಲೇ. ಬೆಳ್ಳಿ ಮಂಕಾಯಿತೆಂದು ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ ಹಾಕಿ ತಿಕ್ಕಿದರೆ ಕಪ್ಪು ಹೋಗಿ ಬೂದು ಸತು ಕಾಣುತ್ತದೆ. ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಸಾಕು. ಹೂದಾನಿಗೆ ನೀರು ಹಾಕಬೇಡಿ, ತಟ್ಟೆಯಲ್ಲಿ ತಿಂಡಿ ಇಡಬೇಡಿ. ಇದು ಎರಕದ ಸತು, ಗಟ್ಟಿ ನೆಲಕ್ಕೆ ಬಿದ್ದರೆ ಒಡೆಯಬಹುದು.

ಬ್ಯಾಗಿನಲ್ಲಿ ಬಟ್ಟೆಯ ನಡುವೆ ಇಡಿ. ವಿಮಾನದಲ್ಲಿ ಬರುವವರು ಬಿದ್ರಿ ಪೇಪರ್ ನೈಫ್ ಕೊಂಡಿದ್ದರೆ ಚೆಕ್‌ಇನ್ ಬ್ಯಾಗಿಗೇ ಹಾಕಿ, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಬಿಲ್ಲಿನ ಹಿಂದೆ ತಾರೀಖು, ಮಾಡಿದವರ ಹೆಸರು ಬರೆದು ಡಬ್ಬಿಯೊಳಗೆ ಮಡಚಿಡಿ. ಕೋಟೆಯ ಕಲ್ಲನ್ನೋ ಮಣ್ಣನ್ನೋ ನೆನಪಿಗೆಂದು ಎತ್ತಿಕೊಂಡು ಬರಬೇಡಿ, ಅದು ಸಂರಕ್ಷಿತ ಸ್ಮಾರಕ.