ಒಳಗಿನ ಫೋಟಾನ್‌ಗಳೂ ಪ್ರಯಾಣ ಮಾಡುತ್ತವೆ

14 ನವೆಂಬರ್ 2024, ಗುರುವಾರ

ಸೋಮವಾರದಿಂದ ನನ್ನ ಗ್ರಾಫ್ ತೀರಾ ಚೆನ್ನಾಗಿ ಬರುತ್ತಿತ್ತು. ಫೋಟಾನ್‌ಗಳ, ಅಂದರೆ ಬೆಳಕಿನ ಕಣಗಳ, ಕ್ವಾಂಟಮ್ ಸ್ಥಿತಿಯನ್ನು ಫೈಬರ್‌ನಲ್ಲಿ ದೂರಕ್ಕೆ ಮುಟ್ಟಿಸಲು 40 ಕಿ.ಮೀ.ಗೊಂದು ರಿಪೀಟರ್ (ದಾರಿಯ ತುಂಡುಗಳನ್ನು ಜೋಡಿಸುವ ಸ್ಟೇಷನ್) ಇಟ್ಟರೂ ಸಾಕು ಅಂತ ಸಿಮ್ಯುಲೇಷನ್ ಹೇಳುತ್ತಿತ್ತು. ಯಾಕೋ ಮನಸ್ಸು ಒಪ್ಪಲಿಲ್ಲ. ಇವತ್ತು ಮಧ್ಯಾಹ್ನ ಕೂತು ಕೋಡನ್ನು ಸಾಲು ಸಾಲಾಗಿ ಓದಿದೆ. ತಪ್ಪು ಸಿಕ್ಕಿತು.

ಒಳ್ಳೆಯ ಫೈಬರ್‌ನಲ್ಲೂ 50 ಕಿ.ಮೀ. ಹೋಗುವಷ್ಟರಲ್ಲಿ ಹತ್ತು ಫೋಟಾನ್‌ಗಳಲ್ಲಿ ಒಂದೇ ಉಳಿಯುತ್ತದೆ. ಬೆಂಗಳೂರಿಂದ ಬೆಳಗಾವಿಗೆ ಸುಮಾರು 500 ಕಿ.ಮೀ. ಅಲ್ಲಿಗೆ ತಲುಪುವುದು ಸಾವಿರ ಕೋಟಿಗೆ ಒಂದು. ಮಾಮೂಲಿ ಇಂಟರ್ನೆಟ್ ಆದರೆ ದಾರಿಯಲ್ಲಿ ಆಂಪ್ಲಿಫೈಯರ್ ಇಟ್ಟುಬಿಡಬಹುದು. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ಬರುವುದಿಲ್ಲ, ಹಾಗಾಗಿ ಆ ದಾರಿ ಇಲ್ಲ. ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಎಂಟ್ಯಾಂಗಲ್‌ಮೆಂಟ್ (ಎರಡು ತುದಿಯ ಕಣಗಳ ಸ್ಥಿತಿ ಒಂದಕ್ಕೊಂದು ಹೆಣೆದುಕೊಳ್ಳುವುದು) ಮಾಡಿ, ಆಮೇಲೆ ಜೋಡಿಸುವ ಉಪಾಯವನ್ನು 1998ರಲ್ಲಿ ಬ್ರೀಗಲ್ ಮತ್ತು ಸಂಗಡಿಗರು ಕೊಟ್ಟರು. ಅದಕ್ಕೆ ಆ ಸ್ಥಿತಿಯನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕ್ವಾಂಟಮ್ ಮೆಮೊರಿ ಬೇಕಿತ್ತು. 2015ರಲ್ಲಿ ಅಜುಮಾ, ತಮಾಕಿ, ಲೋ ಮೂವರು ಸೇರಿ ಮೆಮೊರಿ ಬೇಡ, ಬರೀ ಬೆಳಕೇ ಸಾಕು ಎಂದು ತೋರಿಸಿದರು. ನನಗೆ ಈ ಐಡಿಯಾ ಅಂದರೆ ಪ್ರಾಣ.

ಒಂದೊಂದು ಸ್ಟೇಷನ್ನೂ ಫೋಟಾನ್‌ಗಳ ಗೊಂಚಲು ತಯಾರಿಸುತ್ತದೆ. ಒಳಗಿನವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಪ್ರತಿಯೊಂದಕ್ಕೂ ಹೊರಗೊಂದು ಕೈ, ಅಂದರೆ ಅದಕ್ಕೆ ಹೆಣೆದ ಇನ್ನೊಂದು ಫೋಟಾನ್. ಅರ್ಧ ಗೊಂಚಲು ಎಡಕ್ಕೆ, ಅರ್ಧ ಬಲಕ್ಕೆ ಹೊರಡುತ್ತದೆ. ನಡುದಾರಿಯಲ್ಲಿ ಎರಡೂ ಕಡೆಯ ಕೈಗಳನ್ನು ಬೆಲ್ ಮಾಪನದಿಂದ (ಎರಡು ಫೋಟಾನ್‌ಗಳನ್ನು ಒಟ್ಟಿಗೇ ಅಳೆಯುವ ಕ್ರಮ) ಕೂಡಿಸಬೇಕು. ಬರೀ ಬೀಮ್ ಸ್ಪ್ಲಿಟರ್ (ಬೆಳಕನ್ನು ಎರಡು ದಾರಿಗೆ ಒಡೆಯುವ ಗಾಜು), ಡಿಟೆಕ್ಟರ್ ಇಟ್ಟುಕೊಂಡು ಮಾಡಿದರೆ ಅರ್ಧಕ್ಕರ್ಧ ಸಲ ಸೋಲುತ್ತದೆ. ಅದಕ್ಕೇ ಅಷ್ಟೊಂದು ಕೈ. ಒಂದು ಜೋಡಿ ಕೂಡಿದರೆ ಸಾಕು, ಮಿಕ್ಕವನ್ನು ಅಲ್ಲೇ ಅಳೆದು ಕತ್ತರಿಸಿಬಿಡಬಹುದು. ಯಾರ ಉತ್ತರಕ್ಕೂ ಕಾಯಬೇಕಿಲ್ಲ.

ನಾನು ದಾರಿಯ ನಷ್ಟವನ್ನು ಹೊರಗಿನ ಕೈಗಳಿಗೆ ಮಾತ್ರ ಹಾಕಿದ್ದೆ. ಒಳಗಿನವೂ ಅದೇ ಫೈಬರ್‌ನಲ್ಲಿ ಹೋಗುತ್ತವೆ ಅಲ್ವಾ! 40 ಕಿ.ಮೀ. ತುಂಡಿನಲ್ಲಿ ಪ್ರತಿ ಫೋಟಾನ್ 20 ಕಿ.ಮೀ. ಹೋಗಬೇಕು. ನೂರರಲ್ಲಿ 60 ಕಳೆದುಹೋಗುತ್ತವೆ. ಒಳಗಿನ ಒಂದೊಂದನ್ನೂ ಹಲವು ಫೋಟಾನ್‌ಗಳ ಮರವಾಗಿ (ಕೊಂಬೆಗಳಂತೆ ಹೆಣೆದ ಗುಂಪು, ಕೆಲವು ಹೋದರೂ ಉಳಿದವು ಸಾಕು) ಹರಡಿ ಕಾಪಾಡುತ್ತೇವೆ, ನಿಜ. ಆದರೆ ಅರ್ಧಕ್ಕಿಂತ ಜಾಸ್ತಿ ಹೋದರೆ ಆ ಮರವೂ ಕೈಕೊಡುತ್ತದೆ.

ಸಂಜೆ ತುಂಡನ್ನು 10 ಕಿ.ಮೀ.ಗೆ ಇಳಿಸಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಈಗ ನಷ್ಟ ನೂರಕ್ಕೆ 20. ಬೆಳಗಾವಿಗೆ 50 ತುಂಡು, ಐವತ್ತೂ ಒಟ್ಟಿಗೇ ಗೆಲ್ಲಬೇಕು. ಒಳಗಿನವನ್ನು ಮರ ಪೂರ್ತಿ ಕಾಪಾಡಿತು ಅಂದುಕೊಂಡರೆ, ಪ್ರತಿ ಕಡೆ 10 ಕೈ ಇದ್ದಾಗ ನೂರರಲ್ಲಿ 32 ಸಲ ಗೆಲುವು. 15 ಇದ್ದಾಗ 84! ನಂಬಿಕೆ ಬರದೆ ಇನ್ನೊಂದು ಸಲ ಗುಣಿಸಿ ನೋಡಿದೆ. ಅಷ್ಟೇ ಬಂತು.

ಆದರೆ 15 ಕೈ ಅಂದರೆ ಎರಡೂ ಕಡೆ ಸೇರಿ ಒಳಗೆ 30, ಅವುಗಳ ನಡುವೆ 435 ಹೆಣಿಗೆ, ಅದರ ಮೇಲೆ ಮರಗಳು. ಇಂಥ ಗೊಂಚಲನ್ನು ಕ್ವಾಂಟಮ್ ಡಾಟ್‌ನಂಥ (ಒಂದೊಂದೇ ಫೋಟಾನ್ ಹೊರಡಿಸುವ ಪುಟ್ಟ ಅರೆವಾಹಕ ಚುಕ್ಕೆ) ಮೂಲದಿಂದಲೇ ನೇರವಾಗಿ ಹೊರಡಿಸುವ ಕ್ರಮವೊಂದನ್ನು 2017ರಲ್ಲಿ ಬುಟೆರಾಕೋಸ್, ಬಾರ್ನ್ಸ್, ಇಕೊನೊಮೌ ಕೊಟ್ಟಿದ್ದಾರೆ. ನಾಳೆ ಅದನ್ನು ಹಿಡಿದು ಕೂರುತ್ತೇನೆ.

ಮಲಗುವ ಮುಂಚೆ ಗೈಡ್‌ಗೆ ಮೇಲ್ ಹಾಕಿದೆ: ಸರ್, ಸೋಮವಾರ ಕಳಿಸಿದ ಗ್ರಾಫ್ ತಪ್ಪು, ದಯವಿಟ್ಟು ಬಳಸಬೇಡಿ.